ಎರಡೂವರೆ ಮಿಲಿಮೀಟರಿನ ಕಾಟ

ಅಲ್ಲಾ ಸ್ವಾಮಿ, ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗಿಳಿಸುವ ಮುಂಚಿನ ಸರ್ಕಾರಿ ಪರೀಕ್ಷೆಯಲ್ಲಿ ಬೋಲ್ಟಿನ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿದರೆ ಕಾರು ಸುರಕ್ಷಿತ, ಹಾಕದಿದ್ದರೆ ಅಪಾಯ! ಪರೀಕ್ಷೆ ಮುಗಿದ ಸಂಜೆಯೇ ಆ ಟೋಪಿಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕುತ್ತಾರೆ ಅನ್ನುವುದು ಪರೀಕ್ಷೆ ಮಾಡುವವರಿಗೂ ಗೊತ್ತು, ಮಾಡಿಸುವವರಿಗೂ ಗೊತ್ತು. ಇದಕ್ಕೆ 450 ಪೌಂಡ್ ಫೀಸು. ಬ್ರಿಟನ್ನಿನಲ್ಲಿ ಸ್ವಂತ ಗ್ಯಾರೇಜಿನಲ್ಲಿ ಬಿಡಿಭಾಗಗಳ ಪೆಟ್ಟಿಗೆ ಕೊಂಡು ಕಿಟ್ ಕಾರು ಕಟ್ಟುವವರು ಯಾರನ್ನೇ ಮಾತಾಡಿಸಿ, ಚಾಸಿ ವೆಲ್ಡಿಂಗ್ ಬಗ್ಗೆ ಐದು ನಿಮಿಷ ಹೇಳುತ್ತಾರೆ, ರಬ್ಬರ್ ಟ್ರಿಮ್ ಬಗ್ಗೆ ಒಂದು ಗಂಟೆ ಹೇಳುತ್ತಾರೆ. ಮೈ ಉರಿಯುವುದು ಅದಕ್ಕೇ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾರ್ಖಾನೆಯ ಕಾರಿಗೆ ಇಡೀ ಮಾಡೆಲ್ಲಿಗೇ ಒಮ್ಮೆ ಅನುಮೋದನೆ ಸಿಗುತ್ತದೆ. ಮನೆಯಲ್ಲಿ ಕಟ್ಟಿದ ಒಂಟಿ ಕಾರು ಐವಿಎ ಅನ್ನುವ ಬಿಡಿ ವಾಹನ ಪರೀಕ್ಷೆಗೆ ಹೋಗಬೇಕು. 1998ರಿಂದ ಎಸ್‌ವಿಎ ಅಂತ ಇತ್ತು, 2009ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿ ಐವಿಎ ಅಂದರು. ಇದು ಪ್ರತಿ ವರ್ಷದ ಎಂಒಟಿ ತಪಾಸಣೆ ಅಲ್ಲ. ಸರ್ಕಾರದ ವಾಹನ ಪರೀಕ್ಷಾ ಸಂಸ್ಥೆಯಾದ ಡಿವಿಎಸ್‌ಎ ಕೇಂದ್ರದಲ್ಲಿ ಪರೀಕ್ಷಕರು ಸ್ಕೇಲು, ಚೆಂಡು, ಟಾರ್ಚು ಹಿಡಿದು ಗಂಟೆಗಟ್ಟಲೆ ಕಾರಿನ ಸುತ್ತ ಸುತ್ತುತ್ತಾರೆ. ಅವರ ಪ್ರಮಾಣಪತ್ರ ಇಲ್ಲದೆ ನಂಬರ್ ಪ್ಲೇಟು ಇಲ್ಲ.

ಪರೀಕ್ಷೆಯೇ ಬೇಡ ಅಂತ ಯಾರೂ ಹೇಳುತ್ತಿಲ್ಲ. ಬ್ರೇಕು, ಸ್ಟಿಯರಿಂಗು, ಸೀಟ್ ಬೆಲ್ಟಿನ ಆಧಾರ, ಪೆಟ್ರೋಲ್ ಪೈಪು ಎಲ್ಲವನ್ನೂ ಕಟುವಾಗಿ ನೋಡಿ, ತಲೆ ಬಾಗುತ್ತೇವೆ. ಸಿಟ್ಟಿರುವುದು ವೇಷದ ಮೇಲೆ. ಪರೀಕ್ಷೆಗೆ ಒಂದು ಕಾರು, ರಸ್ತೆಗೆ ಇನ್ನೊಂದು ಕಾರು. ಹಿಂದಿನ ರಾತ್ರಿ ಗ್ಯಾರೇಜೇ ಯಕ್ಷಗಾನದ ಚೌಕಿ. ಬಣ್ಣ ಹಚ್ಚು, ಕಿರೀಟ ಕಟ್ಟು, ಬೆಳಗಾದ ಮೇಲೆ ಎಲ್ಲ ಕಳಚು.

ಮೊದಲು ಹೊರಮೈ. ನಿಯಮ ಹೀಗಿದೆ: 100 ಮಿ.ಮೀ ವ್ಯಾಸದ ಚೆಂಡು ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಅಂಚಿನ ದುಂಡು ಕನಿಷ್ಠ 2.5 ಮಿ.ಮೀ ತ್ರಿಜ್ಯ ಇರಬೇಕು. ರಬ್ಬರಿನ ಗಡಸುತನದ ಅಳತೆಯಲ್ಲಿ 60 ಶೋರ್-ಎಗಿಂತ ಮೆದುವಾದ ವಸ್ತುವಾದರೆ ವಿನಾಯಿತಿ. ಎರಡು ಮೀಟರಿಗಿಂತ ಮೇಲಿರುವುದು ಲೆಕ್ಕಕ್ಕಿಲ್ಲ. ಕೆಳಗಡೆ, 30 ಡಿಗ್ರಿ ಕೋನದಿಂದ ಕಾರಿನ ಸುತ್ತ ಎಳೆಯುವ ಫ್ಲೋರ್ ಲೈನ್ ಎಂಬ ಗೆರೆಯ ಕೆಳಗಿರುವುದೂ ಲೆಕ್ಕಕ್ಕಿಲ್ಲ. ಮುಚ್ಚಿದ ಮೈಯ ಕಾರಿಗೆ ಇದು ಸುಲಭ. ಆದರೆ ಕಿಟ್ ಕಾರುಗಳಲ್ಲಿ ಬಹುಪಾಲು 1957ರ ಲೋಟಸ್ ಸೆವೆನ್ ಆಕಾರದ್ದು. ಕೇಟರ್‌ಹ್ಯಾಮ್, ವೆಸ್ಟ್‌ಫೀಲ್ಡ್, ಲೋಕಾಸ್ಟ್ ಎಲ್ಲವೂ ಅದೇ ವಂಶ. ಮುಂದಿನ ಚಕ್ರ ಹೊರಗೆ, ಚಕ್ರವನ್ನು ಚಾಸಿಗೆ ಹಿಡಿಯುವ ತೋಳಾದ ವಿಶ್‌ಬೋನ್ ಹೊರಗೆ, ಹೆಡ್‌ಲೈಟ್ ಹೊರಗೆ, ಎಕ್ಸಾಸ್ಟ್ ಪಕ್ಕಕ್ಕೆ. ಹೀಗಾಗಿ ಚೆಂಡು ತಾಗದ ಜಾಗವೇ ಇಲ್ಲ.

ಎಲ್ಲೆಲ್ಲಿ ಸಿಕ್ಕಿಬೀಳುತ್ತಾರೆ ಅಂದರೆ: ವಿಶ್‌ಬೋನ್ ಬೋಲ್ಟುಗಳ ತಲೆ ಮತ್ತು ನಟ್ಟು, ಶಾಕ್ ಅಬ್ಸಾರ್ಬರಿನ ಬ್ರಾಕೆಟ್ಟು, ಸೈಕಲ್ ವಿಂಗಿನ (ಚಕ್ರದ ಮೇಲಿನ ಮಡ್ಗಾರ್ಡಿನ) ಅಂಚು ಮತ್ತು ಅದನ್ನು ಹಿಡಿದ ಸ್ಟೇ, ಹೆಡ್‌ಲೈಟ್ ಕಂಬ, ಬಾನೆಟ್ಟಿನ ಕ್ಲಿಪ್ಪು, ವಿಂಡ್‌ಸ್ಕ್ರೀನ್ ಕಂಬದ ಸ್ಕ್ರೂ, ರೋಲ್ ಬಾರಿನ ಪ್ಲೇಟು, ನಂಬರ್ ಪ್ಲೇಟಿನ ಹಿಂದಿನ ಅಲ್ಯೂಮಿನಿಯಂ ತಗಡು, ಎಕ್ಸಾಸ್ಟ್ ಕೊಳವೆಯ ಬಾಯಿ. ಕಿವಿಯಿರುವ ಸ್ಪಿನ್ನರ್ ನಟ್ಟನ್ನು ಚಕ್ರಕ್ಕೆ ಹಾಕುವ ಆಸೆ ಇದ್ದರೆ ಈಗಲೇ ಬಿಡಿ, ಅದಕ್ಕೆ ಅನುಮತಿಯೇ ಇಲ್ಲ.

ತಗಡಿನ ಅಂಚಿಗೆ ಯು ಆಕಾರದ ರಬ್ಬರ್ ಟ್ರಿಮ್ ಎಲ್ಲರೂ ಹಾಕುತ್ತಾರೆ. ಆದರೆ ಅಗ್ಗದ ಟ್ರಿಮ್ಮಿನೊಳಗೆ ಉಕ್ಕಿನ ಕ್ಲಿಪ್ಪಿರುತ್ತದೆ, ಹೊರಗಿನ ದುಂಡು ಒಂದೂವರೆ ಮಿ.ಮೀ ಕೂಡ ಬರುವುದಿಲ್ಲ. ಕೊಳ್ಳುವ ಮೊದಲು ತುಂಡಿನ ತುದಿ ಕತ್ತರಿಸಿ ರೇಡಿಯಸ್ ಗೇಜ್ ಹಿಡಿದು ನೋಡಿ. ಟ್ರಿಮ್ ಕೈಯಿಂದ ಎಳೆದರೆ ಬರಬಾರದು. ಪರೀಕ್ಷಕರು ಎಳೆದೇ ಎಳೆಯುತ್ತಾರೆ. ಒಳಗೆ ಒಂದು ಗೆರೆ ಸಿಲಿಕೋನ್ ಹಾಕಿ ಕೂರಿಸಿ. ನಟ್ಟಿನ ಟೋಪಿಗೂ ಅಷ್ಟೇ, ಒಂದು ಚುಕ್ಕೆ ಸಿಲಿಕೋನ್. ಎಕ್ಸಾಸ್ಟ್ ಬಾಯಿಗೆ ಮಾತ್ರ ರಬ್ಬರ್ ನಡೆಯುವುದಿಲ್ಲವಲ್ಲ, ಅಲ್ಲಿ 5 ಮಿ.ಮೀ ದಪ್ಪದ ಸ್ಟೇನ್‌ಲೆಸ್ ಸರಳನ್ನು ಉಂಗುರ ಮಾಡಿ ಬೆಸೆಯಿರಿ, ತಾನಾಗಿಯೇ 2.5 ತ್ರಿಜ್ಯ ಸಿಗುತ್ತದೆ. ಆ ಉಂಗುರವೊಂದೇ ನೋಡಿ, ಪರೀಕ್ಷೆ ಮುಗಿದ ಮೇಲೂ ಕಾರಿನ ಮೇಲೆ ಉಳಿಯುವ ಕೆಲಸ. ಉಳಿದ ರಬ್ಬರೆಲ್ಲ ಮುಂದಿನ ಗಿರಾಕಿಗೆ ಸೆಕೆಂಡ್ ಹ್ಯಾಂಡ್ ಮಾರಾಟ.

ಇನ್ನು ಒಳಗೆ. ಡ್ಯಾಶ್‌ಬೋರ್ಡಿನ ಕೆಳ ಅಂಚು ಕನಿಷ್ಠ 19 ಮಿ.ಮೀ ತ್ರಿಜ್ಯದಲ್ಲಿ ದುಂಡಾಗಿರಬೇಕು. ಜನ ಏನು ಮಾಡುತ್ತಾರೆ? ನೀರಿನ ಪೈಪಿಗೆ ಸುತ್ತುವ ಸ್ಪಂಜಿನ ಕೊಳವೆ ತಂದು ಸಿಕ್ಕಿಸಿ ಮೇಲೆ ರೆಕ್ಸಿನ್ ಹೊದಿಸುತ್ತಾರೆ. ಪರೀಕ್ಷಕರು ಹೆಬ್ಬೆರಳಲ್ಲಿ ಒತ್ತುತ್ತಾರೆ, ಕೆಳಗಿನ ತಗಡು ಚುಚ್ಚುತ್ತದೆ, ಫೇಲ್. ಮೆತ್ತನೆಯ ಹೊದಿಕೆ ಇದ್ದರೆ ಅದರೊಳಗಿನ ಗಟ್ಟಿ ಭಾಗವೇ ದುಂಡಾಗಿರಬೇಕು ಅನ್ನುವುದು ನಿಯಮ. 38 ಮಿ.ಮೀ ಹೊರವ್ಯಾಸದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿ, ರಿವೆಟ್ ಹೊಡೆದು, ಆಮೇಲೆ ರೆಕ್ಸಿನ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ.

ಸ್ವಿಚ್ಚುಗಳದ್ದು ಬೇರೆಯೇ ಪುರಾಣ. 165 ಮಿ.ಮೀ ಗೋಳ ತಾಗುವ ಜಾಗದಲ್ಲಿ ಗಟ್ಟಿ ಸ್ವಿಚ್ಚು 3.2 ಮಿ.ಮೀಗಿಂತ ಹೆಚ್ಚು ಚಾಚಿದರೆ ಅದರ ಗಾತ್ರ, ಅಂಚು ಎಲ್ಲಕ್ಕೂ ಷರತ್ತು. 9.5 ಮಿ.ಮೀ ದಾಟಿದರೆ 378 ನ್ಯೂಟನ್ ಒತ್ತಡಕ್ಕೆ ಒಳಗೆ ಹೋಗಬೇಕು ಇಲ್ಲವೇ ಕಳಚಿಕೊಳ್ಳಬೇಕು. ಹಳೇ ಕಾಲದ ಚಂದದ ಟಾಗಲ್ ಸ್ವಿಚ್ಚು ಇಲ್ಲಿ ಸೋಲುತ್ತದೆ. ಕಿಟ್ ಮಾರುವವರು ಬಾಯಿಬಿಟ್ಟು ಹೇಳದ ಒಂದು ಕಿಟಕಿ ಇದೆ: ಸ್ಟಿಯರಿಂಗ್ ಚಕ್ರದ ಹೊರ ಅಂಚಿನಿಂದ ಸುತ್ತಲೂ ಇನ್ನೂ 127 ಮಿ.ಮೀ ಹೊರಕ್ಕೆ ಡ್ಯಾಶಿನ ಮೇಲೆ ವೃತ್ತ ಎಳೆಯಿರಿ. ಚಕ್ರದ ಕೆಳ ಅಂಚಿನ ಮಟ್ಟದಿಂದ ಮೇಲೆ, ಆ ವೃತ್ತದೊಳಗಿನ ಭಾಗಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಟಾಗಲ್ ಬೇಕೇಬೇಕು ಅನ್ನುವವರು ಎಲ್ಲವನ್ನೂ ಅಲ್ಲಿಗೇ ತನ್ನಿ, ಎಡಗಡೆ ಪ್ರಯಾಣಿಕನ ಮುಂದೆ ಏನೂ ಇಡಬೇಡಿ. ಡ್ಯಾಶ್ ಕೊರೆದ ಮೇಲೆ ತಿಳಿದರೆ ಇನ್ನೊಂದು ಡ್ಯಾಶ್ ಮಾಡಬೇಕಷ್ಟೆ.

ಸ್ಟಿಯರಿಂಗ್ ಚಕ್ರವೂ ಹಾಗೇ. ಕಡ್ಡಿಗಳಲ್ಲಿ ತೂತಿರುವ ರೇಸಿಂಗ್ ಚಕ್ರ ಕಿಟ್ಟಿನ ಜೊತೆ ಬರುತ್ತದೆ, ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆಗ ಡೋನರ್ ಕಾರಿನ (ಭಾಗಗಳಿಗಾಗಿ ಬಿಚ್ಚಿದ ಹಳೇ ಕಾರಿನ) ದಪ್ಪ ಚಕ್ರವನ್ನೇ ಹಾಕಿ ಕರೆದುಕೊಂಡು ಹೋಗುವುದು, ಬಂದ ಮೇಲೆ ಬದಲಿಸುವುದು. ಸ್ಟಿಯರಿಂಗ್ ಕಾಲಂ ಅಪಘಾತದಲ್ಲಿ ಕುಸಿಯುವಂಥದ್ದೇ ಆಗಿರಬೇಕು, ಇದು ಮಾತ್ರ ನೂರಕ್ಕೆ ನೂರು ಸರಿ. ಡೋನರಿನ ಕಾಲಂ ಕತ್ತರಿಸಿ ಬೆಸೆಯುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ನಿಜವಾದ ಕೋಪ ಬರುವುದು ಮುಂದಿನದಕ್ಕೆ. ಸ್ಟಿಯರಿಂಗ್ ತಿರುಗಿಸಿ ಬಿಟ್ಟರೆ ಚಕ್ರ ತಾನಾಗಿ ನೇರಕ್ಕೆ ಬರಬೇಕು. ನ್ಯಾಯವಾದ ಮಾತು. ಆದರೆ ಐನೂರು ಆರುನೂರು ಕಿಲೋ ತೂಗುವ ಕಾರಿಗೆ ಅದರ ಎರಡರಷ್ಟು ತೂಕದ ಕಾರಿನ, ಚಕ್ರವನ್ನು ಹಿಡಿಯುವ, ಅಪ್‌ರೈಟ್ ಹಾಕಿದಾಗ ಮೂತಿಯ ಮೇಲೆ ಭಾರವೇ ಇಲ್ಲ, ನಿಧಾನ ವೇಗದಲ್ಲಿ ಚಕ್ರ ಸೋಮಾರಿಯಾಗಿ ಅಲ್ಲೇ ಕೂತಿರುತ್ತದೆ. ಸರಿಯಾದ ಮದ್ದು ಕ್ಯಾಸ್ಟರ್ ಹೆಚ್ಚಿಸುವುದು, ಅಂದರೆ ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ತರುವುದು. ಅದಕ್ಕೆ ವಿಶ್‌ಬೋನ್ ಬದಲಾಗಬೇಕು, ದುಡ್ಡು ಬೇಕು. ಹಾಗಾಗಿ ಎಲ್ಲರೂ ಮಾಡುವುದೇನು? ಮುಂದಿನ ಚಕ್ರಗಳನ್ನು ಮುಂತುದಿ ಹೊರಕ್ಕೆ ತೆರೆಯುವಂತೆ ಒಂದಿಷ್ಟು ಟೋ-ಔಟ್ ಮಾಡಿ, ಟೈರಿಗೆ ಗಾಳಿ ಜಾಸ್ತಿ ತುಂಬಿ ಪರೀಕ್ಷೆಗೆ ಹೋಗುವುದು. ಪಾಸ್! ಮನೆಗೆ ಬಂದ ಮೇಲೆ ಮತ್ತೆ ಸರಿಯಾದ ಅಲೈನ್‌ಮೆಂಟ್. ಹೆದ್ದಾರಿಯಲ್ಲಿ ಅತ್ತಿತ್ತ ಹುಡುಕಾಡುವ ಸೆಟ್ಟಿಂಗಿಗೆ ಪ್ರಮಾಣಪತ್ರ, ನೇರ ಓಡುವ ಸೆಟ್ಟಿಂಗಿಗೆ ನಪಾಸು. ಇದು ಯಾವ ಪುರುಷಾರ್ಥದ ಸುರಕ್ಷತೆ?

ಬ್ರೇಕಿನ ವಿಷಯದಲ್ಲಿ ತಕರಾರಿಲ್ಲ, ಎಚ್ಚರಿಕೆ ಮಾತ್ರ. ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗಬಾರದು. ಬ್ರೇಕಿನ ಬಲವನ್ನು ಮುಂದೆ ಹಿಂದೆ ಹಂಚುವ ಬ್ಯಾಲೆನ್ಸ್ ಬಾರ್ ಇದ್ದರೆ ಹೊಂದಿಸಿದ ಮೇಲೆ ಅದು ಅಲುಗದಂತೆ ಪಿನ್ ಹಾಕಿ ಇಲ್ಲವೇ ವೆಲ್ಡ್ ಮಾಡಿ ಬಿಗಿಯಬೇಕು, ಡ್ಯಾಶಿನಿಂದ ತಿರುಗಿಸುವ ಗುಂಡಿ ಇಟ್ಟುಕೊಂಡು ಹೋದರೆ ವಾಪಸ್ ಬರುವುದೇ. ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆಯದೆ ಮಟ್ಟ ಕಾಣಬೇಕು, ಮಟ್ಟ ಇಳಿದರೆ ಕೆಂಪು ದೀಪ ಹತ್ತಬೇಕು, ಆಯಿಲ್ ಯಾವುದೆಂಬ ಗುರುತು ಸುರಿಯುವ ಬಾಯಿಂದ 100 ಮಿ.ಮೀ ಒಳಗೆ ಅಳಿಸದಂತೆ ಇರಬೇಕು. ಈ ಒಂದು ಚೀಟಿ ಇಲ್ಲದೆ ನಪಾಸಾದ ಕಾರುಗಳಿಗೆ ಲೆಕ್ಕವಿಲ್ಲ. ವೈರಿಂಗಿಗೆ 300 ಮಿ.ಮೀಗೊಂದು ಕ್ಲಿಪ್ಪು. ಸೀಟ್ ಬೆಲ್ಟಿನ ಮೇಲಿನ ಆಧಾರ, ಕೂತಾಗ ತಗ್ಗಿದ ಸೀಟಿನಿಂದ 450 ಮಿ.ಮೀ ಮೇಲಿರಬೇಕು.

ದೀಪಗಳದ್ದು ಟೇಪು ಹಿಡಿದು ಅಳೆಯುವ ಕೆಲಸ: ಡಿಪ್ ಹೆಡ್‌ಲೈಟ್ 500ರಿಂದ 1200 ಮಿ.ಮೀ ಎತ್ತರದಲ್ಲಿ, ಇಂಡಿಕೇಟರ್ 350ರ ಮೇಲೆ ಮತ್ತು ಪಕ್ಕದ ಅಂಚಿನಿಂದ 400ರ ಒಳಗೆ, ಹಿಂದಿನ ಫಾಗ್ ಲೈಟು 250ರ ಮೇಲೆ ಮತ್ತು ಬ್ರೇಕ್ ಲೈಟಿನಿಂದ ಕನಿಷ್ಠ 100 ದೂರ. ಮುಂದಿನ ಇಂಡಿಕೇಟರ್ ಹೊರಕ್ಕೆ 80 ಡಿಗ್ರಿ, ಒಳಕ್ಕೆ 45 ಡಿಗ್ರಿಯಿಂದ ಕಾಣಬೇಕು, ಸೈಕಲ್ ವಿಂಗು ಅಡ್ಡ ಬರುವುದು ಇಲ್ಲೇ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ನಿಜವಾದ ವೇಗದ ಶೇ. 10 ಮತ್ತು ಅದರ ಜೊತೆಗೆ ಗಂಟೆಗೆ 6.25 ಮೈಲಿಯವರೆಗೆ ಹೆಚ್ಚು ತೋರಿಸಬಹುದು. ಜಿಪಿಎಸ್ ಇಟ್ಟು ನಾಲ್ಕೈದು ಮೈಲಿ ಹೆಚ್ಚಿಗೆ ತೋರಿಸುವಂತೆ ಹೊಂದಿಸಿ, ನಿಖರತೆಯ ವ್ಯಾಮೋಹ ಬೇಡ.

ಶಬ್ದದ ಮಿತಿ 99 ಡೆಸಿಬೆಲ್. ಎಕ್ಸಾಸ್ಟ್ ಬಾಯಿಂದ ಅರ್ಧ ಮೀಟರು ದೂರ, 45 ಡಿಗ್ರಿ ಓರೆಯಲ್ಲಿ ಮೈಕು, ಗರಿಷ್ಠ ಶಕ್ತಿ ಕೊಡುವ ಆರ್‌ಪಿಎಂನ ಮುಕ್ಕಾಲು ಪಾಲಿನಲ್ಲಿ ಎಂಜಿನ್. ಬೈಕಿನ ಎಂಜಿನ್ ಹಾಕಿದವರಿಗೆ ಇದೇ ಕುತ್ತಿಗೆಗೆ ಬರುವುದು: 10,000ದಲ್ಲಿ ಶಕ್ತಿ ಕೊಡುವ ಎಂಜಿನ್ನನ್ನು 7,500ರಲ್ಲಿ ಕೂಗಿಸಬೇಕು. ಕೊಳವೆಯೊಳಗೆ ತಡೆಯ ಬಿಲ್ಲೆ ತುರುಕಿ ಪಾಸು ಮಾಡಿ, ಆಮೇಲೆ ಸ್ಕ್ರೂ ಬಿಚ್ಚಿ ಎಸೆಯುತ್ತಾರೆ. ಊರವರ ಕಿವಿ ಹರಿಯುತ್ತದೆ. ಬೈಗುಳ ಮಾತ್ರ ಎಲ್ಲ ಕಿಟ್ ಕಾರಿನವರಿಗೂ.

ಹೊಗೆಯ ಪರೀಕ್ಷೆ ನಿಂತಿರುವುದು ಎಂಜಿನ್ನಿನ ವಯಸ್ಸಿನ ಮೇಲೆ. ವಯಸ್ಸಿಗೆ ಕಾಗದದ ಸಾಕ್ಷಿ ಇಲ್ಲವೋ, ಹೊಸ ಎಂಜಿನ್ನಿನ ಮಿತಿಯನ್ನೇ ಹೇರುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಎಂಜಿನ್ನಾದರೆ ಗಾಳಿ-ಪೆಟ್ರೋಲ್ ಅನುಪಾತದ ಅಳತೆಯಾದ ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಸೆವೆನ್ ಥರದ ಕಾರಿನಲ್ಲಿ ಕನ್ವರ್ಟರ್ ಹೊರಗೆ ಗಾಳಿಗೆ ತೆರೆದಿರುತ್ತದೆ, ಸರದಿ ಕಾಯುವಷ್ಟರಲ್ಲಿ ತಣ್ಣಗಾಗಿ ಕೈಕೊಡುತ್ತದೆ. ಎಕ್ಸಾಸ್ಟಿಗೆ ಶಾಖದ ಪಟ್ಟಿ ಸುತ್ತಿ, ಪರೀಕ್ಷೆಗೆ ಮುನ್ನ ಎಂಜಿನ್ನನ್ನು 2,500ರಿಂದ 3,000ದಲ್ಲಿ ಚೆನ್ನಾಗಿ ಕಾಯಿಸಿ. ಲ್ಯಾಂಬ್ಡಾ 1.03 ದಾಟುತ್ತಿದ್ದರೆ ಪೆಟ್ರೋಲ್ ಮಿಶ್ರಣ ಕೆದಕುವ ಮೊದಲು ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ನೋಡಿ. ಗಾಳಿ ಸೋರಿ ಒಳಬರುತ್ತಿರುವುದೇ ಹೆಚ್ಚು.

ಈಗ ಕಿಟ್ ಮಾರುವವರಿಗೆ. ಜಾಹೀರಾತಿನಲ್ಲಿ ಐವಿಎಗೆ ಸಿದ್ಧ ಅಂತ ದೊಡ್ಡಕ್ಷರ. ಪೆಟ್ಟಿಗೆ ಬಿಚ್ಚಿದರೆ ಇ-ಗುರುತು ಅನ್ನುವ ಅನುಮೋದನೆಯ ಮುದ್ರೆ ಇಲ್ಲದ ಕನ್ನಡಿ, ಪಾಸಾಗದ ಸ್ಟಿಯರಿಂಗ್ ಚಕ್ರ, ಚೂಪು ಬ್ರಾಕೆಟ್ಟು. ಕೇಳಿದರೆ, ಐವಿಎ ಪ್ಯಾಕ್ ಅಂತ ಬೇರೆ ಇದೆ, ಅದಕ್ಕೆ ಬೇರೆ ದುಡ್ಡು! ಅದರೊಳಗೆ ಏನು? ಅದೇ ಪ್ಲಾಸ್ಟಿಕ್ ಟೋಪಿ, ಅದೇ ಟ್ರಿಮ್ಮು. ಬ್ರಾಕೆಟ್ಟಿನ ಮೂಲೆಯನ್ನು ಲೇಸರಿನಲ್ಲಿ ಕತ್ತರಿಸುವಾಗಲೇ ದುಂಡು ಮಾಡಿ, ಡೋಮ್ ತಲೆಯ ಬೋಲ್ಟು ಕೊಟ್ಟಿದ್ದರೆ ಅರ್ಧ ತಲೆನೋವು ಹುಟ್ಟುತ್ತಲೇ ಇರಲಿಲ್ಲ. ಮಾಡುವುದಿಲ್ಲ, ಯಾಕೆಂದರೆ ನಮ್ಮ ತಲೆನೋವೇ ಅವರ ವ್ಯಾಪಾರ.

ಪರೀಕ್ಷಕರಲ್ಲೂ ಒಬ್ಬೊಬ್ಬರದು ಒಂದೊಂದು ಕಣ್ಣು. ಒಂದು ಕೇಂದ್ರದಲ್ಲಿ ಒಪ್ಪಿದ ವಿಂಗಿನ ಅಂಚು ಇನ್ನೊಂದರಲ್ಲಿ ನಪಾಸು. ಮರುಪರೀಕ್ಷೆಗೆ ಮತ್ತೆ 90 ಪೌಂಡು, ಮತ್ತೆ ಟ್ರೇಲರ್ ಬಾಡಿಗೆ, ಮತ್ತೆ ರಜೆ, ಮತ್ತೆ ದಿನಾಂಕಕ್ಕಾಗಿ ಕಾಯುವುದು. ಕೈಪಿಡಿಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ, ಆ ಪುಟವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ, ಸೌಜನ್ಯದಿಂದ ಸಾಲು ತೋರಿಸಿದರೆ ಒಪ್ಪುವವರೂ ಇದ್ದಾರೆ. ಟೋಪಿ, ಟ್ರಿಮ್, ಕೇಬಲ್ ಟೈ, ಸಿಲಿಕೋನ್, ಅರ, ಬಲ್ಬು ತುಂಬಿದ ಡಬ್ಬಿಯೂ ಇರಲಿ. ಸಣ್ಣಪುಟ್ಟದ್ದನ್ನು ಅಲ್ಲೇ ಸರಿಮಾಡಲು ಬಿಡುವವರು ಸಿಕ್ಕರೆ ಅದೃಷ್ಟ.

ಊರಿಂದ ಕೆಲವರು ಕೇಳುತ್ತಾರೆ, ಇದನ್ನೇ ಬೆಂಗಳೂರಲ್ಲಿ ಮಾಡಬಹುದಾ ಅಂತ. ಅಲ್ಲಿ ಮಾದರಿ ವಾಹನವನ್ನು ಪುಣೆಯ ಎಆರ್‌ಎಐ ಥರದ ಸಂಸ್ಥೆಗೆ ಒಪ್ಪಿಸಬೇಕು, ಹವ್ಯಾಸಿಗೆ ನಿಲುಕುವ ಮಾತಲ್ಲ. ಬಯ್ಯಲಿಕ್ಕಾದರೂ ಇಲ್ಲೊಂದು ಬಾಗಿಲಿದೆ, ನಿಜ. ಹಾಗಂತ ಬಯ್ಯದೆ ಇರಲಾಗುತ್ತದೆಯೇ?

ಪಾಸಾದ ಮೇಲೂ ನಂಬರು ಕೊಡುವ ಇಲಾಖೆ ಡಿವಿಎಲ್‌ಎ ಬಾಕಿ. ಎಲ್ಲ ಭಾಗ ಹೊಸದು, ಹೆಚ್ಚೆಂದರೆ ಒಂದು ರಿಕಂಡಿಶನ್ ಆದದ್ದು ಅಂತ ರಸೀದಿ ಸಮೇತ ತೋರಿಸಿದರೆ ಈ ವರ್ಷದ ನಂಬರು. ಒಂದೇ ಡೋನರ್ ಕಾರಿನ ಎರಡು ಮುಖ್ಯ ಭಾಗ ಬಳಸಿದ್ದಕ್ಕೆ ಸಾಕ್ಷಿ ಇದ್ದರೆ ಆ ಕಾರಿನ ವಯಸ್ಸಿನ ನಂಬರು. ಎರಡೂ ಇಲ್ಲದಿದ್ದರೆ ಕ್ಯೂ ಪ್ಲೇಟು, ವಯಸ್ಸು ಗೊತ್ತಿಲ್ಲದ ವಾಹನ ಅನ್ನುವ ಮುದ್ರೆ. ಇಷ್ಟೆಲ್ಲ ಅಳೆದು ತೂಗಿದ ಕಾರಿಗೆ ಕೊನೆಗೆ ಈ ಹಣೆಪಟ್ಟಿ ಬರುವುದು ಡೋನರಿನ ವಿ5ಸಿ ನೋಂದಣಿ ಪುಸ್ತಕವನ್ನು ಗುಜರಿಯವನ ಕೈಗೆ ಕೊಟ್ಟ ತಪ್ಪಿಗೆ. ಡೋನರ್ ಬಿಚ್ಚುವ ಮೊದಲೇ ಆ ಪುಸ್ತಕ, ಚಾಸಿ ನಂಬರಿನ ಫೋಟೋ, ಎಂಜಿನ್ ನಂಬರಿನ ಫೋಟೋ ಮೂರನ್ನೂ ತೆಗೆದಿಡಿ. ನೋಂದಣಿಗೆ ವಿ627/1 ಫಾರಂ ತುಂಬುವಾಗ ಮೂರೂ ಬೇಕಾಗುತ್ತವೆ, ಆಗ ಹುಡುಕಿದರೆ ಸಿಗುವುದಿಲ್ಲ.