ಉಪಚಾರಕ್ಕೆ ಜಗ್ಗದ ಅತಿಥಿ

ಮಲೆನಾಡಿನ ಮನೆಗಳಲ್ಲಿ ಒತ್ತಾಯ ಮಾಡಿ ಬಡಿಸುವ ಪದ್ಧತಿ ಎಷ್ಟು ಬೇರೂರಿದೆಯೆಂದರೆ, ಊಟಕ್ಕೆ ಕುಳಿತವರು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಪಾಯಸ ಇಳಿದೇ ಇಳಿಯುತ್ತದೆ. ಶಿವಮೊಗ್ಗದಲ್ಲಿದ್ದ ನೆಂಟರೊಬ್ಬರು ವರ್ಗವಾಗಿ ದೂರ ಹೋಗುವಾಗ ತಮ್ಮ ಕಾಕಟೀಲ್ ಎಂಬ ಜುಟ್ಟಿನ ಪುಟ್ಟ ಗಿಳಿಯ ಮರಿಯನ್ನು ಪಂಜರ ಸಮೇತ ನಮಗೆ ಒಪ್ಪಿಸಿದ ಮೇಲೆಯೇ, ಈ ಉಪಚಾರಕ್ಕೆ ಜಗ್ಗದ ಜೀವವೂ ಲೋಕದಲ್ಲಿದೆ ಎಂಬುದು ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ತಿಳಿದದ್ದು.

"ತೋಟದ ತುಂಬ ಗಿಳಿ ಕೂಗ್ತಿರುವಾಗ ಆಸ್ಟ್ರೇಲಿಯಾದ ಗಿಳಿ ಎಂತಕ್ಕೆ ಮಾರಾಯ್ತಿ?" ಎಂದು ಪಕ್ಕದ ಮನೆಯವರು ಕೇಳಿದರು. ತೋಟದ ಗಿಳಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾಗುತ್ತದೆ ಎಂದು ನಾನು ವಿವರಿಸಿದೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಹಾಗಾದರೆ ಇದು ರಾಮ ರಾಮ ಅನ್ನುತ್ತದಾ?" ಎಂದರು.

ರಾಮನಾಮ ಹಾಗಿರಲಿ, ಮರಿ ಸೂರ್ಯಕಾಂತಿ ಬೀಜವೊಂದನ್ನು ಬಿಟ್ಟು ಬೇರೇನನ್ನೂ ಮೂಸಿ ನೋಡುತ್ತಿರಲಿಲ್ಲ. ಆ ಬೀಜದಲ್ಲಿ ಕೊಬ್ಬು ಹೆಚ್ಚು, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ; ಸೊಪ್ಪು ತರಕಾರಿಗಳನ್ನು ರೂಢಿ ಮಾಡಿಸಬೇಕು, ಆದರೆ ಹಸಿದರೆ ತಾನೇ ತಿನ್ನುತ್ತದೆಂದು ಹಳೆಯ ಆಹಾರವನ್ನು ಒಮ್ಮೆಲೇ ನಿಲ್ಲಿಸಬಾರದು, ಅಷ್ಟು ಸಣ್ಣ ಹಕ್ಕಿ ಉಪವಾಸ ತಡೆಯುವುದಿಲ್ಲ ಎಂದು ಪಶುವೈದ್ಯರು ಹೇಳಿದ್ದರು. ಇದರಲ್ಲಿ "ಉಪವಾಸ" ಎಂಬ ಮಾತಷ್ಟೇ ಅತ್ತೆಯವರ ಕಿವಿಗೆ ಬಿತ್ತು. ಹಾಲನ್ನ ಬಂತು, ಹಕ್ಕಿಗಳಿಗೆ ಹಾಲು ಜೀರ್ಣವಾಗುವುದಿಲ್ಲವೆಂದು ಅದು ವಾಪಸು ಹೋಯಿತು. ಹಲಸಿನ ಹಪ್ಪಳ ಬಂತು. ಉಪ್ಪಿನ ಕಾರಣಕ್ಕೆ ಅದೂ ಹೋಯಿತು. ಯಾರೋ ಪ್ರೀತಿಯಿಂದ ತಂದುಕೊಟ್ಟ ಬೆಣ್ಣೆಹಣ್ಣನ್ನಂತೂ ನಾನು ಹಾರಿ ಕಸಿದುಕೊಳ್ಳಬೇಕಾಯಿತು, ಏಕೆಂದರೆ ಅದು ಗಿಳಿಗಳಿಗೆ ವಿಷ. "ಒಳ್ಳೆಯದೆಲ್ಲ ವಿಷ, ಬರೀ ಸೊಪ್ಪು ತಿನ್ನಬೇಕಂತೆ, ಪಾಪದ್ದು" ಎಂದು ಅತ್ತೆ ಮರಿಯನ್ನು ನೋಡಿ ಮರುಗಿದರು.

ನಿಜವಾದ ತೊಡಕು ಬಟ್ಟಲಿನಲ್ಲಿರಲಿಲ್ಲ. ಈಗಲಾದರೂ ತಿನ್ನುತ್ತದೆಯೇ ಎಂದು ಮನೆಮಂದಿಯೆಲ್ಲ ಪಂಜರವನ್ನು ಸುತ್ತುವರಿದು ನಿಂತರೆ ಮರಿಯ ಜುಟ್ಟು ನೆಟ್ಟಗೆ ನಿಲ್ಲುತ್ತಿತ್ತು, ಮೈ ಸೆಟೆದು ಕಡ್ಡಿಯಾಗುತ್ತಿತ್ತು. ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಂಡಾಗಿ ನೆಲದ ಮೇಲೆ ಮೇಯುವ ಈ ಜಾತಿ, ತನ್ನವರು ಮೇಯುವಾಗ ಮೇಯುತ್ತದೆ. ಸುತ್ತಲೂ ನಿಂತು ಕಣ್ಣು ಮಿಟುಕಿಸದೆ ನೋಡುವವರು ಅದರ ಪಾಲಿಗೆ ಬೇಟೆಗಾರರೇ ಹೊರತು ನೆಂಟರಲ್ಲ. ಹಾಗಾಗಿ ಪಂಜರವನ್ನು ಊಟದ ಕೋಣೆಗೆ ತಂದು, ಅದರ ಎದುರಿಗೆ ನಾವೇ ತಿನ್ನತೊಡಗಿದೆವು. ಮಾವನವರು ಕಟ್ಟಿಸಿಕೊಂಡ ಹಲ್ಲಿನಲ್ಲಿ ಹಸಿ ಕ್ಯಾರೆಟನ್ನು ಮನೆಯೆಲ್ಲ ಕೇಳುವಂತೆ ಕಟಕಟನೆ ಕಡಿದರು. ನಾನು ಹಸಿ ನುಗ್ಗೆಸೊಪ್ಪನ್ನು ಅಗಿದು, ಬಹಳ ರುಚಿಯಾಗಿದೆಯೆಂಬ ಮುಖ ಮಾಡಿದೆ. ಹಕ್ಕಿ ಮೊದಲು ಕ್ಯಾರೆಟ್ ತುರಿಯನ್ನು ಬಟ್ಟಲಿನಿಂದ ಒಂದೊಂದೇ ಎಳೆಯಾಗಿ ಎತ್ತಿ ಕೆಳಗೆ ಬಿಸಾಡಿತು, ಆಮೇಲೆ ಒಂದು ಎಳೆಯನ್ನು ಕೊಕ್ಕಿನಲ್ಲಿ ಹೊರಳಿಸಿ, ನಮ್ಮ ಕಡೆ ನೋಡದೆ ನುಂಗಿತು. ಪೇಟೆಯಲ್ಲಿ ಪಂಜರದ ಹಕ್ಕಿಯ ವಿಶೇಷ ತಿನಿಸೆಂದು ಮಾರುವ ತೆನೆ ನಮ್ಮ ನವಣೆಯೇ ಎಂದು ಗೊತ್ತಾದ ಮೇಲೆ ಅತ್ತೆಯವರಿಗೂ ಒಂದು ಖಾತೆ ಸಿಕ್ಕಿತು. ಅವರ ಕೈಯಿಂದ ನವಣೆ ತಿಂದೇ ಮರಿ ಬೆರಳೇರುವುದನ್ನು ಕಲಿತದ್ದು.

ಆದರೂ "ಬಟ್ಟಲು ತುಂಬಿದ್ದು ತುಂಬಿದಂತೇ ಇದೆ, ಎಂತದೂ ಮುಟ್ಟಿಲ್ಲ" ಎಂಬ ದೂರು ನಿಲ್ಲಲಿಲ್ಲ. ಈ ಹಕ್ಕಿ ಕಾಳನ್ನು ಸುಲಿದು ತಿಂದು ಸಿಪ್ಪೆಯನ್ನು ಅಲ್ಲೇ ಉದುರಿಸುವುದರಿಂದ ಬರಿದಾದ ಬಟ್ಟಲೂ ತುಂಬಿದಂತೆ ಕಾಣುತ್ತದೆ. ಪರೀಕ್ಷಿಸಲೆಂದು ಮಾವ ಬಟ್ಟಲಿಗೆ ಜೋರಾಗಿ ಊದಿದರು. ಎದ್ದ ಹೊಟ್ಟಿನಲ್ಲಿ ಅರ್ಧ ಅವರ ಕಾಫಿ ಲೋಟಕ್ಕೆ, ಉಳಿದರ್ಧ ಅತ್ತೆಯವರ ತಲೆಗೆ ಸೇರಿತು. ಅಂದಿನಿಂದ ನಂಬಿಕೆಗೆ ಏಲಕ್ಕಿ ತೂಗುವ ಪುಟ್ಟ ತಕ್ಕಡಿಯೇ ಆಧಾರವಾಯಿತು. ಬೆಳಗ್ಗೆ ಬರಿಹೊಟ್ಟೆಯಲ್ಲಿ ನಿಲ್ಲಿಸಿದರೆ, ಬಾಲ ಮೇಜಿಗೆ ತಾಗದಂತೆ ನೋಡಿಕೊಂಡರೆ, ಮತ್ತು ಅದು ಗುಂಡಿ ಒತ್ತಿ ತಕ್ಕಡಿಯನ್ನು ಆರಿಸದಿದ್ದರೆ, ಎಂಬತ್ತರ ಮೇಲೊಂದು ಅಂಕಿ ಕಾಣುತ್ತದೆ. ಬೆಳೆದ ಕಾಕಟೀಲ್ ಸಾಮಾನ್ಯವಾಗಿ 80ರಿಂದ 100 ಗ್ರಾಂ ತೂಗುವುದರಿಂದ ನನಗೆ ಅಷ್ಟು ಸಾಕು, ಅತ್ತೆಗೆ ಸಾಲದು.

ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿ, ಗುಡುಗಿಗೆ ಬೆಚ್ಚಿದ ಮರಿ ಕತ್ತಲಲ್ಲಿ ಪಂಜರದೊಳಗೆಲ್ಲ ಬಡಿದಾಡಿತು. ಕಾಕಟೀಲುಗಳಲ್ಲಿ ಇದು ಸಾಮಾನ್ಯ, ಸಣ್ಣ ದೀಪವೊಂದಿದ್ದರೆ ಸಾಕು ಎಂದರೂ ಕೇಳದೆ, ಇದು ದೃಷ್ಟಿಯೇ ಎಂದು ತೀರ್ಮಾನಿಸಿದ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಪಂಜರಕ್ಕೆ ಸುಳಿದರು. ಮೆಣಸನ್ನು ಒಲೆಗೆ ಹಾಕಬೇಡಿ, ಹಕ್ಕಿಯ ಶ್ವಾಸಕೋಶಕ್ಕೆ ಹೊಗೆ ಬಲು ಕೆಟ್ಟದ್ದು ಎಂದು ನಾನು ತಡೆದು ವಾದಿಸುತ್ತಿರುವಷ್ಟರಲ್ಲಿ, ಮರಿ ಸರಳಿನ ನಡುವಿನಿಂದ ಒಂದು ಮೆಣಸನ್ನು ಎಳೆದುಕೊಂಡು, ಸಿಪ್ಪೆ ಸೀಳಿ, ಬೀಜಗಳನ್ನು ಒಂದೊಂದಾಗಿ ಜಗಿಯತೊಡಗಿತು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಯಾರ ಒತ್ತಾಯವೂ ಇಲ್ಲದೆ ಅದು ಇಷ್ಟು ಆಸೆಯಿಂದ ತಿಂದದ್ದನ್ನು ಕಂಡು ಮಾವನವರ ಕರುಳು ಕರಗಿತು. ಅವರು ಅದನ್ನು ಹೊರಗೆ ತೆಗೆದು ಮುಖದ ಹತ್ತಿರ ಹಿಡಿದು ಮುದ್ದಾಡಿದರು. ಊಟ ಮುಗಿದ ಮೇಲೆ ಕೊಕ್ಕು ಒರೆಸಿಕೊಳ್ಳುವ ಶಿಸ್ತಿರುವ ಹಕ್ಕಿ, ಕೊಕ್ಕಿನ ಎರಡೂ ಬದಿಯನ್ನು ಅವರ ಕಣ್ಣಿನ ರೆಪ್ಪೆಗೆ ಚೆನ್ನಾಗಿ ಒರೆಸಿತು. ಈಗಲೂ ವಾರಕ್ಕೊಮ್ಮೆ ಅದಕ್ಕೆ ಮೆಣಸು ಕೊಡುವುದುಂಟು, ಆದರೆ ಮಾವನವರು ತೋಟಕ್ಕೆ ಇಳಿದು ಸಂಕ ದಾಟಿದರೆಂದು ಖಾತ್ರಿಯಾದ ಮೇಲೆ ಮಾತ್ರ.