ವೇದಿಕೆಯಿಂದ ಇಳಿದು ಪಾಠದೊಳಗೆ ಬರಬೇಕಾದ ನಾಟಕ

ಕರ್ನಾಟಕದ ಶಾಲೆಗಳಲ್ಲಿ ನಾಟಕವಿಲ್ಲವೆಂದು ಯಾರೂ ಹೇಳಲಾರರು. ವಾರ್ಷಿಕೋತ್ಸವ ಹತ್ತಿರವಾದಂತೆ ತಾಲೀಮು ಶುರುವಾಗುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷ, ಅಭಿನಯಗೀತೆಗಳ ಸ್ಪರ್ಧೆಗಳಿರುತ್ತವೆ. ಆದರೆ ಇವೆಲ್ಲ ನಡೆಯುವುದು ಪಾಠ ಮುಗಿದ ಮೇಲೆ, ಕೆಲವೊಮ್ಮೆ ಪಾಠವನ್ನು ನಿಲ್ಲಿಸಿ. ಮಾತು ಸ್ಪಷ್ಟವಾಗಿರುವ ಐದಾರು ಮಕ್ಕಳಿಗೆ ಪಾತ್ರ ಸಿಗುತ್ತದೆ, ಉಳಿದವರು ಪ್ರೇಕ್ಷಕರಾಗಿ ಕೂರುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿ, ಇಲ್ಲಿನ ಪ್ರಾಥಮಿಕ ಶಾಲೆಯನ್ನು ಪೋಷಕನಾಗಿ ಕಂಡಿರುವ ನನಗೆ ಎರಡೂ ಕಡೆಯ ಮುಖ್ಯ ವ್ಯತ್ಯಾಸವಾಗಿ ತೋರುವುದು ಇದೇ: ಅಲ್ಲಿ ಮಕ್ಕಳು ನಾಟಕವನ್ನು ಕಲಿಯುತ್ತಾರೆ, ಇಲ್ಲಿ ನಾಟಕದ ಮೂಲಕ ಬೇರೇನನ್ನೋ ಕಲಿಯುತ್ತಾರೆ.

ಪೋಷಕರನ್ನು ತರಗತಿಗೆ ಕರೆದಿದ್ದ ಒಂದು ದಿನ, ಆರೇಳು ವರ್ಷದ ಮಕ್ಕಳಿಗೆ 1666ರ ಲಂಡನ್ ಮಹಾ ಅಗ್ನಿದುರಂತದ ಪಾಠ ನಡೆದಿತ್ತು. ಬೇಕರಿಯೊಂದರಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕು ದಿನ ಉರಿದು 13,000ಕ್ಕೂ ಹೆಚ್ಚು ಮನೆಗಳನ್ನು ಬೂದಿ ಮಾಡಿದ ಕಥೆಯದು. ಶಿಕ್ಷಕಿ ಹೆಗಲಿಗೆ ಒಂದು ಕೆಂಪು ಶಾಲು ಹೊದ್ದರು. ಹೊದ್ದಿರುವಷ್ಟು ಹೊತ್ತು ಅವರು ನಗರದ ಮೇಯರ್, ತೆಗೆದಿಟ್ಟರೆ ಮತ್ತೆ ಟೀಚರ್ ಎಂಬುದು ಮೊದಲೇ ಆಗಿದ್ದ ಒಪ್ಪಂದ. ಮಕ್ಕಳಲ್ಲಿ ಅರ್ಧದಷ್ಟು ಜನ ಮರದ ಮನೆಗಳ ಒಡೆಯರು, ಉಳಿದವರು ಬೆಂಕಿಗೆ ದಾರಿ ಸಿಗದಂತೆ ಮುಂದಿನ ಸಾಲಿನ ಮನೆಗಳನ್ನು ಕೆಡವಿಬಿಡೋಣ ಎನ್ನುವವರು. ವಾದ ಏರುತ್ತಿದ್ದಂತೆ ಒಬ್ಬ ಹುಡುಗಿ ಎದ್ದು, ‘ನನ್ನ ಮನೆಗೆ ಇನ್ನೂ ಬೆಂಕಿಯೇ ಬಿದ್ದಿಲ್ಲ, ಈಗ ಕೆಡವಿದರೆ ಹೊಸದನ್ನು ಯಾರು ಕಟ್ಟಿಸಿಕೊಡುತ್ತಾರೆ?’ ಎಂದು ಕೇಳಿದಳು. ಅಂದಿನ ಮೇಯರ್ ಥಾಮಸ್ ಬ್ಲಡ್‌ವರ್ತ್ ಮನೆ ಕೆಡವಿಸಲು ಹಿಂದೆಮುಂದೆ ನೋಡಿದ್ದರ ಹಿಂದೆಯೂ ಪರಿಹಾರದ ಈ ಪ್ರಶ್ನೆಯೇ ಇತ್ತು. ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆಯಬಹುದಾಗಿದ್ದ ಆ ಕಾರಣವನ್ನು ಮಗು ತಾನೇ ಹುಡುಕಿಕೊಂಡಿತ್ತು. ಬಳಿಕ ಶಾಲು ಕೆಳಗಿಳಿಯಿತು, ಎಲ್ಲರೂ ಮೇಯರ್‌ಗೆ ಅರ್ಜಿ ಬರೆಯಲು ಕುಳಿತರು. ಪರದೆ, ಬಣ್ಣ, ಕಂಠಪಾಠ, ಚಪ್ಪಾಳೆ ಒಂದೂ ಇರಲಿಲ್ಲ.

ಶಿಕ್ಷಕರು ತಾವೇ ಪಾತ್ರವಾಗಿ ಪಾಠ ನಡೆಸುವ ಈ ಕ್ರಮವನ್ನು ಇಲ್ಲಿ ಬೆಳೆಸಿದವರಲ್ಲಿ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಡೊರೊಥಿ ಹೀತ್‌ಕೋಟ್ ಪ್ರಮುಖರು. ಹಾಗೆಂದು ಇಂಗ್ಲೆಂಡನ್ನು ಮಾದರಿಯೆಂದು ಮೆರೆಸುವ ಉದ್ದೇಶ ನನಗಿಲ್ಲ. ಇಲ್ಲಿಯೂ ಪ್ರಾಥಮಿಕ ಹಂತದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ನಾಟಕ ಪ್ರತ್ಯೇಕ ವಿಷಯವಲ್ಲ, ಇಂಗ್ಲಿಷ್ ವಿಷಯದೊಳಗಿನ ಒಂದು ಅಂಶ ಮಾತ್ರ. ಆರನೆಯ ತರಗತಿಯ ಪರೀಕ್ಷೆಗಳು ಸಮೀಪಿಸಿದಂತೆ ಶಾಲು ಬೀರು ಸೇರಿಬಿಡುತ್ತದೆ.

ಈ ಕೆಲಸಕ್ಕೆ ಬೇಕಾದ ಬಂಡವಾಳ ನಿಜವಾಗಿ ಕರ್ನಾಟಕದಲ್ಲೇ ಹೆಚ್ಚಿದೆ. 1949ರಿಂದ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಇದೆ, 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು ರಾಜ್ಯಕ್ಕೆಲ್ಲ ಹಬ್ಬಿದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಮಕ್ಕಳನ್ನು ಸಾಲು ಬೆಂಚಿನಿಂದ ಎಬ್ಬಿಸಿ ಗುಂಪುಗಳಲ್ಲಿ ಕೂರಿಸಿದೆ. ಇಷ್ಟಿದ್ದರೂ ಮೇಳ ರಜೆಯಲ್ಲೇ ಉಳಿಯಿತು, ನಲಿ-ಕಲಿ ಆರಂಭದ ತರಗತಿಗಳಲ್ಲೇ ನಿಂತಿತು. ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗು ಮತ್ತೆ ಪ್ರಶ್ನೋತ್ತರ ಬರೆದುಕೊಳ್ಳುವ ಮಗುವಾಗುತ್ತದೆ.

ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳೋಣ. ವಾರ್ಷಿಕೋತ್ಸವದಲ್ಲಿ ಅದು ಒಂದು ಹಸು, ಒಂದು ಕರು, ಒಂದು ಹುಲಿಯ ಪ್ರದರ್ಶನ. ತರಗತಿಯಲ್ಲಾದರೆ ಮಕ್ಕಳನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿ, ಹುಲಿಯಾದ ಮಗುವನ್ನು ನಡುವೆ ನಿಧಾನವಾಗಿ ನಡೆಸಬಹುದು. ಒಂದು ಸಾಲು ತಿನ್ನಲು ಕಾರಣ ಕೊಡಲಿ, ಇನ್ನೊಂದು ಸಾಲು ಬಿಡಲು ಕಾರಣ ಕೊಡಲಿ, ಕೊನೆಯಲ್ಲಿ ಹುಲಿ ತನ್ನ ತೀರ್ಮಾನ ಹೇಳಲಿ. ‘ಹಸಿದ ಹುಲಿಯದೇನು ತಪ್ಪು?’ ಎಂದು ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ, ಅಲ್ಲಿಂದ ಪಾಠ ಪರಿಸರ ಅಧ್ಯಯನಕ್ಕೂ ಹೊರಳಬಹುದು. ನಲವತ್ತು ಮಕ್ಕಳಿದ್ದರೂ ಪ್ರತಿಯೊಬ್ಬರಿಗೂ ಒಂದು ಮಾತು ಸಿಗುತ್ತದೆ, ಹತ್ತು ಹದಿನೈದು ನಿಮಿಷ ಸಾಕು, ಖರ್ಚಂತೂ ಇಲ್ಲ.

ಪಾಠ ಮುಗಿಸುವ ಒತ್ತಡ, ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಸಂಕಟ ನಿಜವಾದವು. ಆದರೆ ಅದಕ್ಕಿಂತ ದೊಡ್ಡ ಅಡ್ಡಿ ಗದ್ದಲದ ಭಯವೆಂದು ನನ್ನ ಅನಿಸಿಕೆ. ಕೊಠಡಿಯಿಂದ ಸದ್ದು ಬಂದರೆ ಪಾಠ ನಡೆಯುತ್ತಿಲ್ಲವೆಂದೇ ಮುಖ್ಯೋಪಾಧ್ಯಾಯರೂ ಅಧಿಕಾರಿಗಳೂ, ಪೋಷಕರೂ ತಿಳಿಯುತ್ತಾರೆ. ಹೊರಗಿನಿಂದ ರಂಗಕರ್ಮಿಯೊಬ್ಬರನ್ನು ಕರೆಸಿ ಎರಡು ದಿನದ ಶಿಬಿರ ನಡೆಸಿದರೆ ಈ ಭಯ ಹೋಗದು. ಶಿಬಿರ ಮುಗಿದ ಮೇಲೆ ಅದು ಮತ್ತೊಂದು ಪ್ರದರ್ಶನವಾಗಿ ವರದಿ ಸೇರುತ್ತದೆ, ಅಷ್ಟೆ. ತರಗತಿ ಶಿಕ್ಷಕರೇ ಇದನ್ನು ಕಲಿಯಬೇಕು. ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಡಿ.ಎಲ್.ಎಡ್. ಡಿಪ್ಲೊಮಾ ಓದುವ ಪ್ರತಿಯೊಬ್ಬ ಅಭ್ಯರ್ಥಿಯೂ ಬೋಧನಾಭ್ಯಾಸದ ಪಾಠಗಳಲ್ಲಿ ಕನಿಷ್ಠ ಒಂದನ್ನು ತಾನೇ ಪಾತ್ರವಾಗಿ ನಡೆಸಬೇಕೆಂಬ ನಿಯಮ ಬರಲಿ; ಆ ಪಾಠದ ಮೌಲ್ಯಮಾಪನದಲ್ಲಿ ಅಭಿನಯಕ್ಕೆ ಅಂಕವಿರಬಾರದು, ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಇರಬೇಕು.