ಸ್ಪಷ್ಟನೆ: ಸೇಫ್ಟಿ ಹಾಕಿದ್ದರೂ ತುಂಬಿದ ಕೋವಿ ಹಿಡಿದು ಬೇಲಿ ದಾಟಬಾರದು

ಅಮೆರಿಕದಲ್ಲಿ ಹಿರಿಯರ ಜೊತೆ ಮೊದಲ ಸಲ ಜಿಂಕೆ ಬೇಟೆಗೆ ಹೊರಡುವ ಹುಡುಗ ಹುಡುಗಿಯರಿಗೆ ‘ಸೇಫ್ಟಿ (ಗುಂಡು ಹಾರದಂತೆ ತಡೆಯುವ ಗುಂಡಿ) ಹಾಕಿದರೆ ಸಾಕು, ಬೇಲಿ ದಾಟಲು ಕೋವಿ ಖಾಲಿ ಮಾಡಬೇಕಿಲ್ಲ’ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು, ಜೀವಕ್ಕೇ ಎರವಾಗುವ ತಪ್ಪು.

ಹಲವು ರೈಫಲ್‌ಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ತೋಟಾಕ್ಕೆ ಬಡಿದು ಗುಂಡು ಹಾರಿಸುವ ಫೈರಿಂಗ್ ಪಿನ್ನನ್ನಲ್ಲ. ಒಳಭಾಗ ಸವೆದಿದ್ದರೆ ಅಥವಾ ಕೊಳೆ ಕೂತಿದ್ದರೆ, ಕೋವಿ ಕೆಳಗೆ ಬಿದ್ದ ಹೊಡೆತಕ್ಕೇ ಗುಂಡು ಹಾರಬಹುದು. ಮುಳ್ಳುತಂತಿಗೆ ಜಾಕೆಟ್ ಸಿಕ್ಕಿ ಎಳೆದಾಗ ಸೇಫ್ಟಿಯ ಗುಂಡಿ ಸರಿದುಹೋಗುವುದೂ ಉಂಟು.

ಬೇಲಿ ಸಿಕ್ಕಾಗ ಮೊದಲು ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗಿರಲಿ. ತೋಟಾಗಳನ್ನು ತುಂಬಿಡುವ ಮ್ಯಾಗಜೀನ್ ತೆಗೆದ ಮೇಲೂ ಚೇಂಬರಿನಲ್ಲಿ (ನಳಿಗೆಯ ಹಿಂಬದಿಯ ಗೂಡಿನಲ್ಲಿ) ಒಂದು ತೋಟಾ ಉಳಿದಿರಬಹುದು. ಹೊಸಬರು ಎಡವುವುದೇ ಇಲ್ಲಿ. ಬೋಲ್ಟ್ (ಚೇಂಬರನ್ನು ಮುಚ್ಚುವ, ಹಿಂದೆ ಮುಂದೆ ಸರಿಯುವ ಭಾಗ) ಪೂರ್ತಿ ಹಿಂದಕ್ಕೆಳೆದು ತೋಟಾ ಹೊರತೆಗೆಯಿರಿ, ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳಿಟ್ಟು ಮುಟ್ಟಿ ನೋಡಿ. ಹಿರಿಯರು ಈ ಕೆಲಸವನ್ನು ತಾವೇ ಮಾಡಿಕೊಡಬೇಡಿ. ಮಗುವಿನ ಕೈಯಲ್ಲೇ ಮಾಡಿಸಿ, ‘ಖಾಲಿ’ ಎಂದು ಬಾಯಿಬಿಟ್ಟು ಹೇಳಿಸಿ, ಆಮೇಲೆ ನೀವೂ ನೋಡಿ.

ಕೋವಿ ಹಿರಿಯರ ಕೈಯಲ್ಲಿರುವಾಗ ಮಗು ಮೊದಲು ದಾಟಲಿ. ನಂತರ ಬೋಲ್ಟ್ ತೆರೆದೇ ಇಟ್ಟು, ನಳಿಗೆ ಇಬ್ಬರಿಂದಲೂ ದೂರವಿರುವಂತೆ ಕೋವಿ ದಾಟಿಸಿ. ಒಬ್ಬರೇ ಇದ್ದರೆ ಖಾಲಿ ಕೋವಿಯನ್ನು ತಂತಿಯ ಕೆಳಗೆ ನೆಲಕ್ಕೆ ಮಲಗಿಸಿ ಆಚೆ ತಳ್ಳಿ, ಹಿಡಿಯ ಪಕ್ಕದಿಂದ ದಾಟಿ. ಮತ್ತೆ ತುಂಬುವ ಮೊದಲು ನಳಿಗೆಯೊಳಗೆ ಮಣ್ಣು, ಹಿಮ ಸೇರಿದೆಯೇ ನೋಡಿ. ಕಟ್ಟಿಕೊಂಡಿದ್ದರೆ ಹೊಡೆದಾಗ ನಳಿಗೆಯೇ ಸಿಡಿಯಬಹುದು.

ಮರದ ಅಟ್ಟಣಿಗೆ ಹತ್ತುವಾಗಲೂ ಕೋವಿ ಖಾಲಿಯಾಗಿರಬೇಕು: ಹತ್ತಿ ಕೂತ ಮೇಲೆ ಹಗ್ಗದಲ್ಲಿ, ನಳಿಗೆ ಕೆಳಮುಖವಾಗಿರುವಂತೆ ಮೇಲಕ್ಕೆಳೆದುಕೊಳ್ಳಿ.